ಅವಳ ಪಾಲಿನ ಹೂಳು

ಹೋದ ತಿಂಗಳು ಸುರಪುರದ ಕೋರ್ಟಿನ ಪಡಸಾಲೆಯಲ್ಲಿ ಯಾರೋ ರೊಟ್ಟಿಯ ಗಂಟು ಬಿಚ್ಚಿದರು. ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯದ ಹುಳಿ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲಿಗೆ ಹೋದದ್ದು ಆರೋಪಿಯಾಗಿ. ನಾವು ಅಂಗನವಾಡಿ ಟೀಚರುಗಳು ಕೆಲಸ ಕಾಯಂ ಮಾಡಿ ಎಂದು ರಸ್ತೆಯಲ್ಲಿ ಕುಳಿತಿದ್ದಾಗ ಮುಂದಿನ ಸಾಲಿನಲ್ಲಿದ್ದವರ ಮೇಲೆ ಕೇಸು ಹಾಕಿದರು. ಆ ಸಾಲಿನಲ್ಲಿ ನಾನೂ ಇದ್ದೆ. ಹೆಸರು ಕೂಗುವುದನ್ನು ಕಾಯುತ್ತ ಗೋಡೆಗೆ ಒರಗಿ ನಿಂತಿದ್ದವಳಿಗೆ ಆ ವಾಸನೆಯ ಹಿಂದೆಯೇ ನಮ್ಮ ಬಾಜೂ ಮನೆಯ ಚಿಗವ್ವ ನೆನಪಾದಳು. ನೆನಪಾದ ಕೂಡಲೇ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಪಡದೆ ಇರುವುದು ನನ್ನಿಂದ ಈವರೆಗೂ ಆಗಿಲ್ಲ.

ಚಿಗವ್ವ ಅಂದರೆ ಅವ್ವನ ತಂಗಿ. ಆದರೆ ಅವಳು ನಮ್ಮ ಅವ್ವನ ತಂಗಿಯೂ ಅಲ್ಲ, ನಮ್ಮ ಬಳಗವೂ ಅಲ್ಲ. ಸಗರದ ಕಡೆಯಿಂದ ಕೂಲಿಗೆ ಬಂದವಳು. ಗಂಡನ ಮನೆ ಬಿಟ್ಟಿದ್ದಳು, ಮಕ್ಕಳಿರಲಿಲ್ಲ. ಶಹಾಪುರದ ಆಚೆ ಕಾಲುವೆಯ ದಂಡೆಗಿದ್ದ ತಗಡಿನ ಶೆಡ್ಡುಗಳ ಸಾಲಿನಲ್ಲಿ ನಮ್ಮದಕ್ಕೆ ಹತ್ತಿದ್ದ ಶೆಡ್ಡು ಅವಳದು. ಕೃಷ್ಣೆಯ ನೀರು ಕಾಲುವೆಗೆ ಬಂದು ಕೆಲವು ವರ್ಷಗಳಾಗಿದ್ದವು. ನೀರು ಬಂದಾಗ ಊರೂರಿನವರು ಕಾಯಿ ಒಡೆದು ಹಬ್ಬ ಮಾಡಿದರು. ನೀರು ನಿಲ್ಲಿಸಿದಾಗ ಒಳಗೆ ಇಳಿದು ಹೂಳು ಎತ್ತುವ, ಜೇಕಿನ ಕಳೆ ಕೀಳುವ ಕೆಲಸ ಅವ್ವನಂಥವರ ಪಾಲಿಗೆ ಬಂತು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ನನಗೆ ಅಂತ ಇದ್ದವಳು ಅವ್ವ ಒಬ್ಬಳೇ. ಆ ಒಬ್ಬಳನ್ನೂ ಇನ್ನೊಬ್ಬಳ ಜೊತೆ ಹಂಚಿಕೊಳ್ಳಬೇಕಾಯಿತು.

ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ಅವಳ ಶೆಡ್ಡಿಗೆ ಹೋಗುತ್ತಿತ್ತು, ಎರಡನೆಯದು ನನಗೆ. ನನ್ನ ಜಡೆ ಹೆಣೆಯುವಾಗ ಅವ್ವನಿಗೆ ಎಲ್ಲಿಲ್ಲದ ಗಡಿಬಿಡಿ. ಚಿಗವ್ವನ ತಲೆ ಹಿಕ್ಕುವಾಗ ಮಾತ್ರ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಮಾತಾಡುತ್ತ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅವ್ವ ನಗುವುದು ನನಗೆ ಹೆಚ್ಚಾಗಿ ತಗಡಿನ ಆಚೆಯಿಂದಲೇ ಕೇಳಿಸುತ್ತಿತ್ತು. ಏನು ಹೇಳಿ ನಗಿಸುತ್ತಾಳೆ ಎಂದು ತಗಡಿಗೆ ಕಿವಿ ಹಚ್ಚಿದ್ದೂ ಉಂಟು... ಒಂದೂ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

ಅವಳು ನನ್ನನ್ನು ಒಲಿಸಿಕೊಳ್ಳಲು ನೋಡದೆ ಇರಲಿಲ್ಲ. ಕಾಲುವೆಯ ದಂಡೆಯ ಬಾರಿಹಣ್ಣು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಒಮ್ಮೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು, “ಏ ಹುಡುಗಿ, ನಿಮ್ಮವ್ವನ್ನ ನಾ ಏನ್ ನುಂಗಿಬಿಡತೀನೇನ?”

“ಅರ್ಧ ನುಂಗೀದಿ ಆಗಲೇ,” ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. ಹೋಗಿ ಅವ್ವನಿಗೂ ಹೇಳಿದಳು. ಇಬ್ಬರೂ ಸೇರಿ ಇನ್ನೊಮ್ಮೆ ನಕ್ಕರು. ನನ್ನ ಸಿಟ್ಟೂ ಅವರಿಬ್ಬರ ನಗುವಿಗೆ ಸರಕಾಯಿತಲ್ಲ ಎಂದು ನಾನು ಅವತ್ತು ಊಟ ಬಿಟ್ಟೆ.

ಹೂಳೆತ್ತುವವರ ಗ್ಯಾಂಗಿನಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಕೂಲಿಯವರ ಮೇಲ್ವಿಚಾರಕ ಮುಕಾದಮ ದಂಡೆಯ ಮೇಲೆ ನಿಂತು ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದ, ಇದ್ದವರು ‘ಹಾಜರ್’ ಅನ್ನಬೇಕು. ಯಾರಿಗಾದರೂ ಜ್ವರ ಬಂದಿದ್ದರೆ, ಮನೆಯಲ್ಲಿ ಕೂಸಿಗೆ ಆರಾಮ ಇಲ್ಲದಿದ್ದರೆ, ಅವಳ ಹೆಸರಿಗೆ ಇನ್ನೊಬ್ಬಳು ಹಾಜರ್ ಅನ್ನುತ್ತಿದ್ದಳು. ಮುಕಾದಮನಿಗೆ ಗೊತ್ತಾಗುತ್ತಿರಲಿಲ್ಲ ಎಂದಲ್ಲ. ಹಾಗೆ ಅಂದವಳು ಅವತ್ತು ತನ್ನ ಪಾಲಿನ ಜೊತೆಗೆ ಬಾರದವಳ ಪಾಲಿನ ಹೂಳನ್ನೂ ಎತ್ತಲೇಬೇಕು. ಸಂಜೆ ಅಳತೆ ಸರಿ ಬಂದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೀಗಾಗಿ ಬರೀ ಬಾಯಿಮಾತಿಗೆ ಯಾರೂ ಹಾಜರ್ ಅನ್ನುತ್ತಿರಲಿಲ್ಲ. ನನಗೆ ಜ್ವರ ಬಂದು ಅವ್ವ ಮನೆಯಲ್ಲಿ ಉಳಿದ ದಿನಗಳಲ್ಲಿ ಅವಳ ಪಾಲು ಎತ್ತುತ್ತಿದ್ದವಳು ಚಿಗವ್ವ. ಸಂಜೆ ಸೊಂಟ ಹಿಡಿದುಕೊಂಡು ಬಂದು, “ಹುಡುಗಿ ಹ್ಯಾಂಗದಾಳ?” ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಕೌದಿ ಮುಸುಕೆಳೆದುಕೊಂಡು ನಿದ್ದೆ ಬಂದವಳಂತೆ ಬಿದ್ದುಕೊಂಡಿರುತ್ತಿದ್ದೆ.

ಸಂಘ ಕಟ್ಟಿದವಳೂ ಅವಳೇ. ಹೂಳಿನ ಕೆಲಸ ಕಾಂಟ್ರಾಕ್ಟರನ ಕೈಗೆ ಹೋದಾಗ ಹಳೆಯ ಹೆಂಗಸರನ್ನು ಬಿಡಿಸಿ ಹೊರಗಿನವರನ್ನು ತರುವ ಮಾತು ಬಂತು. ಚಿಗವ್ವ ಶೆಡ್ಡು ಶೆಡ್ಡಿಗೂ ಹೋಗಿ ಎಲ್ಲರನ್ನೂ ಕೂಡಿಸಿದಳು. ಸಂಘಕ್ಕೆ ಸೇರಿದವರ ಹೆಸರನ್ನು ಮುಕಾದಮ ಬೆಳಿಗ್ಗೆ ಕೂಗುವುದನ್ನೇ ನಿಲ್ಲಿಸಿದ. ಆಗ ಅವರು ದಂಡೆಯ ರಸ್ತೆಯ ಮೇಲೆ ಬುಟ್ಟಿ, ಸಲಿಕೆ ಇಟ್ಟುಕೊಂಡು ಕುಳಿತರು. ಲಾರಿಗಳು ನಿಂತವು. ಪೊಲೀಸರು ಬಂದರು. ಸಂಘ ಕಟ್ಟುವುದು ತಪ್ಪೆಂದು ಯಾವ ಕಾನೂನೂ ಹೇಳುವುದಿಲ್ಲ, ಅದಕ್ಕೇ ಸಂಘ ಕಟ್ಟಿದ್ದಕ್ಕೆ ಎಂದು ಯಾರೂ ಕೇಸು ಹಾಕುವುದಿಲ್ಲ. ದಾರಿ ಕಟ್ಟಿದರು, ಬೆದರಿಸಿದರು, ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದರು ಎಂದು ಹಾಕುತ್ತಾರೆ. ಚಿಗವ್ವ ಒಂದನೇ ಆರೋಪಿಯಾದಳು. ಅವ್ವ ಹಿಂದಿನ ಸಾಲಿನಲ್ಲಿ ಕುಳಿತಿದ್ದರಿಂದ ಕೇಸಿನಲ್ಲಿ ಬರಲಿಲ್ಲ. ಆಕೆಗೆ ಅದರದ್ದೇ ಬೇಜಾರು!

ಲಾರಿಗಳು ನಿಂತ ಮೇಲೆ ಮುಕಾದಮ ಅವರ ಹೆಸರು ಮತ್ತೆ ಕೂಗತೊಡಗಿದ. ಜಾಮೀನೂ ಸಿಕ್ಕಿತು, ಆದರೆ ಪ್ರತಿ ತಾರೀಖಿಗೂ ಸುರಪುರದ ಕೋರ್ಟಿಗೆ ಬರಬೇಕು, ತಪ್ಪಿದರೆ ವಾರಂಟು, ಗುಲ್ಬರ್ಗಾ ಜೈಲು. ಅವಳೊಬ್ಬಳು ಒಳಗೆ ಹೋದರೆ ಉಳಿದವರು ಹೆದರಿ ಚೆಲ್ಲಾಪಿಲ್ಲಿ ಆಗುತ್ತಾರೆ ಎಂಬುದು ಕಾಂಟ್ರಾಕ್ಟರನಿಗೂ ಗೊತ್ತಿತ್ತು, ನಮ್ಮವರಿಗೂ ಗೊತ್ತಿತ್ತು. ಒಂದು ದಿನ ಅವನ ಕಡೆಯವನೊಬ್ಬ ಬಂದು, ಸಂಘ ಬಿಟ್ಟಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿದರೆ ಕೇಸು ತಾನಾಗಿಯೇ ಹೋಗುತ್ತದೆ ಎಂದ. ಚಿಗವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು, ಮೊರ ಕೆಳಗಿಡಲಿಲ್ಲ.

“ನಾ ಒಬ್ಬಾಕಿ ಬಿಟ್ರ ಸಂಘ ಸಾಯ್ತದೇನ್ರಿ? ಸಾಯಂಗಿಲ್ಲ ಅಂದ್ರ ನನ್ನ ಹೆಬ್ಬಟ್ಟು ನಿಮಗ್ಯಾಕ ಬೇಕು?”

ಅವನು ಹೋದ ಮೇಲೆ ಅವ್ವ ಅವಳನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಹತ್ತನೇ ತರಗತಿ ಪಾಸಾದಾಗಲೂ ಅವ್ವ ನನ್ನನ್ನು ಹಾಗೆ ನೋಡಿರಲಿಲ್ಲ.

ಆ ವರ್ಷವೇ ನಾನು ಸುರಪುರದ ಕಾಲೇಜು ಸೇರಬೇಕಿತ್ತು. ಸೇರಿಸಿಕೊಳ್ಳುವ ಕೊನೆಯ ದಿನವೇ ಚಿಗವ್ವನ ತಾರೀಖೂ ಬಂತು. ತಂದೆತಾಯಿಯಲ್ಲಿ ಒಬ್ಬರು ಬರಲೇಬೇಕು ಎಂದು ಕಾಲೇಜಿನವರು ಹೇಳಿದ್ದರು. “ಕೋರ್ಟ್‌ನ್ಯಾಗ ಆಕಿ ಹೆಸರು ಕರದ ಕೂಡ್ಲೇ ಕಾಲೇಜಿಗಿ ಹೋಗೋಣು,” ಅಂದಳು ಅವ್ವ. ಮೊದಲು ಅವಳದು, ಆಮೇಲೆ ನನ್ನದು... ರೊಟ್ಟಿಯ ವಿಷಯದಲ್ಲಿ ಇದ್ದ ಪಾಳಿಯೇ ಇಲ್ಲಿಯೂ ಇತ್ತು. ತಾರೀಖಿನ ದಿನ ಆರೋಪಿಗಳಿಗೆ ಒಂದೊಂದು ಮನೆಯವರು ಬುತ್ತಿ ಕಟ್ಟಬೇಕೆಂದು ಸಂಘದವರು ಮಾಡಿಕೊಂಡಿದ್ದರು. ಅವತ್ತಿನ ಪಾಳಿ ನಮ್ಮದು. ಅವ್ವ ರೊಟ್ಟಿ, ಪುಂಡಿಪಲ್ಯದ ಗಂಟು ಹೊತ್ತುಕೊಂಡಳು, ನಾನು ನನ್ನ ಮಾರ್ಕ್ಸ್ ಕಾರ್ಡು ಹಿಡಿದುಕೊಂಡೆ.

ಚಿಗವ್ವ ನಮ್ಮ ಜೊತೆ ಇರಲಿಲ್ಲ. ಹಿಂದಿನ ಸಂಜೆ ಗ್ಯಾಂಗಿನ ಒಬ್ಬಳಿಗೆ ಹೆರಿಗೆ ನೋವು ಎದ್ದು ಅವಳನ್ನು ಶಹಾಪುರದ ದವಾಖಾನೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಂದ ನೇರ ಕೋರ್ಟಿಗೆ ಬರುವ ಮಾತಾಗಿತ್ತು. ಅವಳು ಹತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದ್ದು ನಮಗೆ ಆಮೇಲೆ ತಿಳಿಯಿತು.

ಜವಾನ ಒಂದನೇ ಆರೋಪಿಯ ಹೆಸರು ಕೂಗಿದ. ಇನ್ನೊಮ್ಮೆ ಕೂಗಿದ. ನಮ್ಮ ವಕೀಲರು ಬಾಗಿಲ ಕಡೆ ನೋಡಿದರು. ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ನನ್ನ ಪಕ್ಕದಿಂದಲೇ, ಕಾಲುವೆಯ ಆಚೆ ದಂಡೆಗೆ ಮುಟ್ಟುವಂಥ ದನಿ ಎದ್ದಿತು.

“ಹಾಜರ್ರೀ!”

ಅವ್ವ ಎದ್ದು ನಿಂತಿದ್ದಳು. ಬುತ್ತಿಯ ಗಂಟು ಕಂಕುಳಲ್ಲೇ ಇತ್ತು. ಬೇಕೆಂದು ಅಂದಳೋ, ಹೆಸರು ಕಿವಿಗೆ ಬಿದ್ದ ಕೂಡಲೇ ರೂಢಿಯಿಂದ ಬಾಯಿಗೆ ಬಂತೋ, ಕೊನೆಯವರೆಗೂ ನನಗೆ ಹೇಳಲಿಲ್ಲ.

“ನೀನೇನಮ್ಮಾ ಒಂದನೇ ಆರೋಪಿ?” ಎಂದು ಕೇಳಿದರು ನ್ಯಾಯಾಧೀಶರು.

“ಅಲ್ರಿ ಸಾಹೇಬ್ರ. ಆಕಿ ಬಸ್ಸಿನ್ಯಾಗ ಬರಾಕತ್ತಾಳ್ರಿ. ಬರೂತನಕ ಆಕಿ ಪಾಲಿಂದು ನಾ ನಿಂದರತೀನ್ರಿ.”

“ಒಬ್ಬರ ಬದಲು ಇನ್ನೊಬ್ಬರು ಹಾಜರಾಗೋದಕ್ಕೆ ಬರೋದಿಲ್ಲಮ್ಮ.”

“ನಮ್ಮ ಕಾಲುವ್ಯಾಗ ಬರ್ತದ್ರಿ,” ಅಂದಳು ಅವ್ವ.

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರು ಮಾತ್ರ ನಗಲಿಲ್ಲ. ಸುಳ್ಳು ಹಾಜರಿ ಹೇಳಿದ್ದಕ್ಕೆ ಸಂಜೆ ಕೋರ್ಟು ಏಳುವವರೆಗೆ ಅಲ್ಲೇ ಮೂಲೆಯಲ್ಲಿ ಕುಳಿತಿರಬೇಕು ಎಂದು ಅವ್ವನಿಗೆ ಹೇಳಿದರು. ವಕೀಲರು ಕೈಮುಗಿದು ಬೇಡಿಕೊಂಡ ಮೇಲೆ, ಊಟದ ಬಿಡುವಿಗೆ ಮುಂಚೆ ಒಂದನೇ ಆರೋಪಿಯನ್ನು ಇನ್ನೊಮ್ಮೆ ಕರೆಸುತ್ತೇನೆ, ಆಗಲೂ ಇರದಿದ್ದರೆ ವಾರಂಟು ಎಂದರು. ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಚಿಗವ್ವನನ್ನು ಬೈದೆ, ಬೈಯುತ್ತಲೇ ಅವಳ ದಾರಿಯನ್ನೂ ಕಾದೆ. ಕೊನೆಯ ಗಳಿಗೆಗೆ ಬಂದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಕೂದಲು ಬಿಚ್ಚಿತ್ತು, ಸೀರೆಯ ಅಂಚಿಗೆ ಹೆರಿಗೆಯ ಕಲೆ ಇನ್ನೂ ಇತ್ತು. ಹೆಸರಿಗೆ ಹಾಜರ್ ಅಂದಳು, ಮುಂದಿನ ತಾರೀಖು ತೆಗೆದುಕೊಂಡಳು, ವಾರಂಟು ತಪ್ಪಿತು.

ಅವ್ವ ಮೂಲೆಯಲ್ಲಿ ಕುಳಿತೇ ಇದ್ದಳು. ನನ್ನ ಕಾಲೇಜಿನ ಹೊತ್ತು ಮೀರುತ್ತಿತ್ತು. ಅವ್ವ ಗದ್ದದಿಂದ ನನ್ನ ಕಡೆ ತೋರಿಸಿದಳು, ಚಿಗವ್ವ ತಲೆಯಾಡಿಸಿದಳು, ಅಷ್ಟೇ. ಹೊರಗೆ ಬಂದು ನನ್ನ ಕೈ ಹಿಡಿದಳು. ನಾನು ಕೊಸರಿಕೊಂಡೆ. ಸರಿ ಎಂದು ಮುಂದೆ ಮುಂದೆ ನಡೆದಳು.

ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತ ನನ್ನ ಹೆಸರು ಓದಿ ಕೇಳಿದ, “ಈ ಹುಡುಗಿ ತಂದಿ ತಾಯಿ ಯಾರು ಬಂದಾರ?”

“ಹಾಜರ್ರಿ. ನಾ ಆಕಿ ಅವ್ವ.”

ಕಾಂಟ್ರಾಕ್ಟರನ ಕಾಗದಕ್ಕೆ ಒತ್ತದ ಹೆಬ್ಬೆಟ್ಟನ್ನು ನನ್ನ ಅರ್ಜಿಗೆ ಒತ್ತಿದಳು. ನನ್ನ ಸೀಟು ಉಳಿಯಿತು. ಆದರೆ ಮೈಯೆಲ್ಲ ಉರಿದುಹೋಯಿತು. ನನ್ನ ಅವ್ವನನ್ನು ತೆಗೆದುಕೊಂಡದ್ದು ಸಾಲದೆ ಈಗ ನನ್ನ ಅವ್ವನೇ ಆಗಿಬಿಟ್ಟಳಲ್ಲ! ಗೇಟಿನ ಹೊರಗೆ ಬಂದವಳೇ ಅಂದುಬಿಟ್ಟೆ, “ನೀ ನಮ್ಮವ್ವ ಅಲ್ಲ.”

“ಗೊತ್ತದ ತಂಗಿ. ಇವತ್ತು ನಿಮ್ಮವ್ವಂದು ಪಾಲು ನಾ ಎತ್ತಬೇಕಾಗಿತ್ತು, ಎತ್ತೀನಿ. ನಾಳಿಗಿ ನಿಮ್ಮವ್ವ ನಿನಗ ಇದ್ದ ಇರತಾಳ.”

ಸಂಜೆ ಕೋರ್ಟು ಎದ್ದಿತು. ಅವ್ವ ಮಂಡಿ ಹಿಡಿದುಕೊಂಡು ಹೊರಗೆ ಬಂದಳು. ನನ್ನ ಕಾಲೇಜಿನದು ಏನಾಯಿತು ಎಂದು ಕೇಳಲಿಲ್ಲ. ಚಿಗವ್ವ ಇದ್ದಾಳೆಂದ ಮೇಲೆ ಆಗಿಯೇ ಇರುತ್ತದೆ ಎಂಬ ಧೈರ್ಯ ಅವಳದು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಗಂಟು ಬಿಚ್ಚಿದರು. ‘ನಮ್ಮ ಕಾಲುವ್ಯಾಗ ಬರ್ತದ್ರಿ’ ಅನ್ನುವುದು, ನಗುವುದು, ಮತ್ತೆ ಅನ್ನುವುದು... ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನ್ನ ಪಾಲಿನ ರೊಟ್ಟಿಗೆ ಚಿಗವ್ವ ಪುಂಡಿಪಲ್ಯ ಸವರಿ ಕೊಟ್ಟಳು. ಹಸಿವಾಗಿತ್ತು, ತಿಂದೆ.

ಕೇಸು ಎಳೆಯುತ್ತಲೇ ಹೋಯಿತು. ಸಾಕ್ಷಿ ಬರಲಿಲ್ಲ, ಸಾಹೇಬರು ರಜೆ, ಮುಂದಿನ ತಾರೀಖು. ಚಿಗವ್ವ ಒಂದೂ ತಪ್ಪಿಸಲಿಲ್ಲ. ಅವಳು ಕೋರ್ಟಿಗೆ ಹೋದ ದಿನ ಅವಳ ಪಾಲಿನ ಹೂಳನ್ನು ಉಳಿದವರು ಎತ್ತಿದರು, ಸಂಘ ಒಡೆಯಲಿಲ್ಲ, ಕಾಂಟ್ರಾಕ್ಟರನೇ ಬದಲಾದ. ಆದರೆ ತೀರ್ಪು ಬರುವ ಮುಂಚೆ ಅವಳಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಎಲ್ಲ ಅರಿಶಿಣದಂತಾಗಿ, ನೋಡನೋಡುತ್ತ ಹೋಗಿಬಿಟ್ಟಳು.

ಅವಳು ಸತ್ತ ಸುದ್ದಿ ಕೋರ್ಟಿಗೆ ಇನ್ನೂ ಮುಟ್ಟಿರಲಿಲ್ಲ. ಮುಂದಿನ ತಾರೀಖಿಗೆ ಅವ್ವ ಹೋದಳು, ನಾನೂ ಹೋದೆ. ಜವಾನ ಅವಳ ಹೆಸರು ಕೂಗಿದ. ಇನ್ನೊಮ್ಮೆ ಕೂಗಿದ. ಅವ್ವನ ತುಟಿ ಅಲುಗಿದ್ದನ್ನು ನೋಡಿದೆ. ದನಿ ಹೊರಡಲಿಲ್ಲ. ವಕೀಲರು ಎದ್ದು ವಿಷಯ ತಿಳಿಸಿದರು. ಉಳಿದವರೆಲ್ಲ ಮುಂದೆ ಖುಲಾಸೆಯಾದರು, ಒಂದನೇ ಆರೋಪಿಗೆ ಮಾತ್ರ ಬಿಡುಗಡೆಯ ಮಾತು ಕೇಳುವ ಭಾಗ್ಯ ಇರಲಿಲ್ಲ. ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ನನ್ನ ಮಕ್ಕಳನ್ನೂ ಎತ್ತಿ ಆಡಿಸಿದಳು. ಆದರೆ ತಗಡಿನ ಆಚೆಯಿಂದ ಕೇಳಿಸುತ್ತಿದ್ದ ಆ ನಗು ನನ್ನ ಮನೆಯಲ್ಲಿ ಒಂದು ದಿನವೂ ಕೇಳಿಸಲಿಲ್ಲ. ಹೋದ ವರ್ಷ ಅವಳೂ ಹೋದಳು.

ಈಗ ಅಂಗನವಾಡಿಯಲ್ಲಿ ನನ್ನ ಹಾಜರಿ ಮೊಬೈಲಿನಲ್ಲಿ. ಮುಖ ತೋರಿಸಿದರೆ ಹಾಜರು, ಇಲ್ಲದಿದ್ದರೆ ಇಲ್ಲ. ಒಬ್ಬರ ಬದಲು ಇನ್ನೊಬ್ಬರು ಮುಖ ಕೊಡಲು ಬರುವುದಿಲ್ಲ. ಕೋರ್ಟಿನ ಪಡಸಾಲೆಯಲ್ಲಿ ನನ್ನ ಜೊತೆಗಿದ್ದ ಟೀಚರುಗಳು ಒಳ್ಳೆಯವರೇ, ಆದರೆ ಎಲ್ಲರಿಗೂ ಅದು ಮೊದಲ ತಾರೀಖು. ತಮ್ಮ ಹೆಸರು ಎಲ್ಲಿ ತಪ್ಪಿಹೋಗುತ್ತದೋ ಎಂದು ಒಬ್ಬೊಬ್ಬರೂ ಹೆದರಿ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಪುಂಡಿಪಲ್ಯ ತಿನ್ನುತ್ತಿದ್ದವರು ಗಂಟು ಕಟ್ಟಿ ಎದ್ದು ಹೋದರು.

ಒಳಗಿನಿಂದ ಜವಾನ ನನ್ನ ಹೆಸರು ಕೂಗಿದ. ನಾನು ಹೊಸ್ತಿಲಲ್ಲೇ ಇದ್ದೆ, ಕೂಡಲೇ ಅನ್ನಬಹುದಿತ್ತು. ಅನ್ನಲಿಲ್ಲ, ಕಾದೆ... ಯಾಕೆ ಕಾದೆನೆಂದು ನನಗೆ ಚೆನ್ನಾಗಿ ಗೊತ್ತು. ಚಿಗವ್ವನ ಹೆಸರು ಕರೆದಾಗ ನನ್ನ ಅವ್ವ ಇದ್ದಳು. ನನ್ನ ಹೆಸರು ಕರೆಯುವ ಹೊತ್ತಿಗೆ ಇಬ್ಬರಲ್ಲಿ ಒಬ್ಬಳೂ ಇರಲಿಲ್ಲ.

ಜವಾನ ಇನ್ನೊಮ್ಮೆ ಕೂಗಿದ. ಹಿಂದಿನಿಂದ ಯಾರೂ ಅನ್ನಲಿಲ್ಲ. ಹಾಜರ್ ಎಂದು ನಾನೇ ಅಂದೆ.