ಲೇಸರ್ ಕೋಣೆಯ ಒಂದು ಹೆಚ್ಚಿನ ಚುಕ್ಕೆ

ಕೆ.ಆರ್. ನಗರದ ಸಣ್ಣ ಕಣ್ಣಾಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವಳು ಆಶಾರಾಣಿ. ಚುಂಚನಕಟ್ಟೆಯವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಸೇರಿದವಳು ಇಲ್ಲಿಯೇ ನಿಂತಳು. ಬೆಳಿಗ್ಗೆ ಲೇಸರ್ ಯಂತ್ರದ ಮುಂದೆ ಕಪ್ಪು ಕಾಗದ ಇಟ್ಟು, ಕೇಳಿದಷ್ಟೇ ಚುಕ್ಕೆ ಸುಡುತ್ತದೆಯೇ ಎಂದು ನೋಡುವುದು ಅವಳ ಮೊದಲ ಕೆಲಸ.

ಕಳೆದ ಮಳೆಗಾಲದಲ್ಲಿ ಒಂದು ದಿನ ಆ ಕಾಗದದ ಮೇಲೆ ಒಂದು ಚುಕ್ಕೆ ಹೆಚ್ಚಿಗೆ ಬಿತ್ತು. ಮತ್ತೆ ಹಾಕಿದಳು; ಸರಿಯಿತ್ತು. ಎಷ್ಟು ಸಲ ಹಾಕಿದರೂ ಸರಿಯೇ. ಲೇಸರ್ ಹೊಡೆಸುವ ಕಾಲಿನ ಪೆಡಲ್ ತಾನೇ ಎರಡು ಸಲ ಒತ್ತಿದೆನೇನೋ ಅಂದುಕೊಂಡಳು. ಆದರೂ ಆ ಕಾಗದವನ್ನು ಎಸೆಯದೆ ತೆಗೆದಿಟ್ಟಳು.

ಅಷ್ಟರಲ್ಲಿ ಹುಣಸೂರು ಕಡೆಯ ಗುರುಮಲ್ಲಪ್ಪನವರನ್ನು ಅವರ ಹೆಂಡತಿ ನೀಲಾಂಬಿಕೆ ಕೈಹಿಡಿದು ಕರೆತಂದರು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಲ್ಲಿ ಏಟು ಬಿದ್ದು ಅವರ ಒಂದು ಕಣ್ಣು ಎಂದೋ ಹೋಗಿತ್ತು. ಈಗ ಉಳಿದ ಕಣ್ಣಿನ ಒಳಪರದೆ ಹರಿದಿತ್ತು. ಇವತ್ತೇ ಲೇಸರ್ ಹಾಕಿ ಹರುಕಿನ ಅಂಚನ್ನು ಅಂಟಿಸಬೇಕು ಎಂದರು ಡಾಕ್ಟರ್ ಸೋಮಶೇಖರ್.

ಆಶಾರಾಣಿ ಡಾಕ್ಟರನ್ನು ಪಕ್ಕಕ್ಕೆ ಕರೆದಳು. "ಸಾರ್, ಬೆಳಿಗ್ಗೆ ಒಂದು ಸಲ ಹೆಚ್ಚಿಗೆ ಹೊಡೀತು. ಈಗ ಸರಿ ಇದೆ. ಯಾಕೆ ಅಂತ ಗೊತ್ತಾಗಿಲ್ಲ."

ಡಾಕ್ಟರು ಯಂತ್ರದ ಕಡೆ ನೋಡಿದರು. "ಒಂದು ಚುಕ್ಕೆ ನೋಟದ ನಡುವಿಗೆ ಬಿದ್ದರೆ ಕಣ್ಣು ಹೋದ ಹಾಗೆ. ಮೈಸೂರಿಗೆ ಕಳಿಸಿದರೆ ಅಷ್ಟರೊಳಗೆ ಹರುಕು ಹಿಗ್ಗಬಹುದು. ನಿಮ್ಮ ಅನುಮಾನ ಎಷ್ಟು ಗಟ್ಟಿ?"

"ಗಟ್ಟಿ ಅನ್ನೋಕಾಗಲ್ಲ ಸಾರ್. ಆದ್ರೆ ಇವತ್ತು ಇದನ್ನ ಬಳಸಿ ಅಂತ ನಾನು ಹೇಳಲಾರೆ."

ಡಾಕ್ಟರು ತಲೆಯಾಡಿಸಿ ಮೈಸೂರಿಗೆ ಹೋಗಲು ಜೀಪಿಗೆ ಹೇಳಿಕಳಿಸಿದರು. ತಾವೂ ಜೊತೆಗೆ ಹೊರಟರು.

"ಮಿಷಿನ್ನು ಇಲ್ಲೇ ಐತೆ ಅಂತೀರಿ, ಮೈಸೂರ್ಗೆ ಓಗಿ ಅಂತೀರಿ," ಎಂದರು ನೀಲಾಂಬಿಕೆ. "ಇರೋದೊಂದೇ ಕಣ್ಣು ಕಣವ್ವ."

"ಇವತ್ತು ಈ ಮಿಷಿನ್ ನಂಬೋಕಾಗಲ್ಲ ಅಮ್ಮ," ಎಂದಳು ಆಶಾರಾಣಿ. ಗುರುಮಲ್ಲಪ್ಪನವರೇ ಹೆಂಡತಿಯ ಭುಜ ತಡವಿದರು. "ಬುಡು ನೀಲಾ. ಆ ಮಗ ಎದ್ರಿಕಂಡಿರದು ದನೀಲೇ ಗೊತ್ತಾಯ್ತದೆ. ಓಗವ."

ಜೀಪು ಹೋದ ಮೇಲೆ ಅವಳು ಯಂತ್ರದ ಮುಚ್ಚಳ ಬಿಚ್ಚಿದಳು. ಬೆಳಕನ್ನು ಅತಿವೇಗವಾಗಿ ಹೊತ್ತಿಸಿ ಆರಿಸುವ ಆಸಿಲೇಟರ್ ಅದರೊಳಗಿದೆ. ಪೆಡಲ್ ಒತ್ತಿದಾಗ ಅದಕ್ಕೆ ಅಪ್ಪಣೆ ಹೋಗುವುದು ಹೆಣೆದ ಎರಡು ತಂತಿಗಳಲ್ಲಿ. ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಆಸಿಲೇಟರ್ ನೋಡುವುದು ಅವೆರಡರ ವ್ಯತ್ಯಾಸವನ್ನು ಮಾತ್ರ. ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಒಂದೇ ಸಮ ತಗಲುವುದರಿಂದ ಲೆಕ್ಕಕ್ಕೆ ಬರುವುದಿಲ್ಲ.

ಅಳೆದದ್ದೆಲ್ಲ ಸರಿಯಾಗಿಯೇ ಇತ್ತು. ಕಾಗದದ ಮೇಲೂ ತಪ್ಪು ಕಾಣಲಿಲ್ಲ. ಒಂದು ಸುಳ್ಳು ಅನುಮಾನಕ್ಕೆ ಒಂಟಿಗಣ್ಣಿನವರನ್ನು ದಾರಿಗೆ ಹಾಕಿದೆನಲ್ಲ ಎಂದುಕೊಂಡಳು. ಜೀಪು ಎಲ್ಲಿಗೆ ಹೋಗಿರಬಹುದು, ವಾಪಸ್ ಕರೆಸಲೇ ಎಂದು ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು.

ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಇದ್ದುದರಿಂದ ಯಂತ್ರ ಆರಲಿಲ್ಲ. ಹಿತ್ತಲಲ್ಲಿ ಜನರೇಟರ್ ಗುಡುಗುಟ್ಟಿ ಶುರುವಾಯಿತು. ಆಗಲೇ, ಪೆಡಲ್ ಒತ್ತದೆಯೇ, ಕಾಗದದ ಮೇಲೆ ಚುಕ್ಕೆಯೊಂದು ಬಿತ್ತು. ಅವಳು ಆ ಎರಡು ತಂತಿಗಳನ್ನು ಕೂಡಿಸುವ ಕನೆಕ್ಟರ್ ಹಿಡಿದು ಮೆಲ್ಲಗೆ ಎಳೆದಳು. ಒಂದು ತಂತಿಯ ಪಿನ್ನು ಅರ್ಧ ಜಾರಿತ್ತು. ಜನರೇಟರಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಗಲದೆ, ಆ ಏರುಪೇರನ್ನೇ ಆಸಿಲೇಟರ್ ಅಪ್ಪಣೆ ಎಂದು ತಿಳಿದಿತ್ತು. ಬೆಳಿಗ್ಗೆಯೂ ಹೀಗೇ ಆಗಿರಬೇಕು.

ಅನುಮಾನ ಸುಳ್ಳಲ್ಲ ಎಂಬ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಂಜೆ ಡಾಕ್ಟರ ಫೋನ್ ಬಂತು: ದಾರಿಯಲ್ಲೇ ಹರುಕು ಹಿಗ್ಗಿ ಪರದೆ ಒಂದು ಕಡೆ ಕಳಚಿತ್ತು, ಆಪರೇಷನ್ ಆಯಿತು, ಕಣ್ಣು ಉಳಿಯುತ್ತದೆ, ಎಷ್ಟು ಕಾಣುತ್ತದೋ ಹೇಳಲಾಗದು.

ದೀಪಾವಳಿ ಕಳೆದ ಮೇಲೆ ಗುರುಮಲ್ಲಪ್ಪ ಪರೀಕ್ಷೆಗೆ ಬಂದರು. ಮುಖ ಗುರುತು ಸಿಗುತ್ತಿತ್ತು. ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ.

"ಇಲ್ಲೇ ಮಾಡಿದ್ರೆ ಪೂರ್ತಿ ಉಳೀತಿತ್ತೇನೋ," ಎಂದಳು ಆಶಾರಾಣಿ.

"ಉಳೀತಿತ್ತೋ ಓಗ್ತಿತ್ತೋ, ಯಾರ್ಗೊತ್ತು ಮಗ," ಎಂದು ಅವರು ನೀಲಾಂಬಿಕೆಯ ಕೈಹಿಡಿದು ಮೆಟ್ಟಿಲಿಳಿದರು.

ಕಂಪನಿಯವರು ಕನೆಕ್ಟರ್ ಬದಲಿಸಿ, ಇನ್ನು ಭಯವಿಲ್ಲ ಎಂದು ಹೇಳಿ ಹೋಗಿದ್ದರು. ಆದರೂ ಲೇಸರ್ ಕೋಣೆಯಲ್ಲಿ ಯಾರಾದರೂ ಕುಳಿತಿರುವಷ್ಟು ಹೊತ್ತು ಆಶಾರಾಣಿ ಬಾಗಿಲ ಬಳಿಯೇ ನಿಂತಿರುತ್ತಿದ್ದಳು.