ಮನೋಲಿಯ ಲೀರಾ ಹುಡುಕಿಕೊಂಡು ಬಸ್ತಿಹಳ್ಳಿಗೆ

೧೯೯೭ರ ಆಗಸ್ಟಿನಲ್ಲಿ ಸೋಫಿಯಾ ಅರಸೀಕೆರೆಯಲ್ಲಿ ರೈಲು ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಗ್ರೀಸ್ ದೇಶದ ಕ್ರೀಟ್ ದ್ವೀಪದವಳು. ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು. ಹೊಯ್ಸಳ ಗುಡಿಗಳ ವಾದ್ಯಗಾರರ ಶಿಲ್ಪ ನೋಡಲೆಂದು ಬಂದಿದ್ದ ಅವಳ ತಮ್ಮ ಮನೋಲಿ, ಹಿಂದಿನ ವರ್ಷ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಜ್ವರದಿಂದ ತೀರಿಕೊಂಡಿದ್ದ. ಅವನ ಮೂಳೆಗಳನ್ನೂ ಅವನು ನುಡಿಸುತ್ತಿದ್ದ ಲೀರಾವನ್ನೂ ತಾಯಿಗೆ ಒಯ್ದು ಕೊಡಬೇಕು ಎಂದು ಅವಳು ಬಂದಿದ್ದಳು. ಅರಸೀಕೆರೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನಾನು, ಗೆಳೆಯನೊಬ್ಬ ಕೇಳಿಕೊಂಡನೆಂದು ದುಭಾಷಿಯಾಗಿ ಹೊರಟೆ.

ಜಾವಗಲ್ ದಾರಿಯ ಬಸ್ಸು ಸೋರುತ್ತಿತ್ತು. ಲೀರಾ ಎಂದರೇನು ಎಂದು ಕೇಳಿದೆ. ಒಂದೇ ಮರದ ತುಂಡಿನಲ್ಲಿ ಕೊರೆದ, ಸೋರೆಬುರುಡೆಯಂಥ ಹೊಟ್ಟೆಯ, ಮೂರು ತಂತಿಯ ವಾದ್ಯವಂತೆ. ಹಿಂದೆ ಒಂದು ತಂತಿ ಹಾಡಿದರೆ ಉಳಿದವು ಶ್ರುತಿಯಂತೆ ಮೊರೆಯುತ್ತಿದ್ದವು. ಕುಣಿತಕ್ಕೆ ಕಮಾನಿಗೆ ಕಟ್ಟಿದ ಗೆಜ್ಜೆಗಳದೇ ತಾಳ. ಪಿಟೀಲಿನ ಮೋಹ ಬಂದ ಮೇಲೆ ಲೀರಾದ ಆಕಾರ ಬದಲಾಯಿತು, ಗೆಜ್ಜೆ ಹೋಯಿತು.

“ಮನೋಲಿ ಮಾತ್ರ ಹಳೆಯ ಬಗೆ ಬಿಡಲಿಲ್ಲ,” ಎಂದಳು. “ಅಜ್ಜ ಕೊರೆದ ಲೀರಾ ಅದು.”

ಬಸ್ತಿಹಳ್ಳಿಯಲ್ಲಿ ಮನೋಲಿಗೆ ಕೋಣೆ ಕೊಟ್ಟಿದ್ದ ಜೈನರ ಪದ್ಮಾವತಮ್ಮ ನಮಗೆ ಅವಲಕ್ಕಿ, ಹಾಲು ತಂದಿಟ್ಟರು. “ತೊಡೆ ಮೇಲೆ ನಿಲ್ಲಿಸ್ಕೊಂಡು ನುಡ್ಸೋರು ಕಣಮ್ಮ. ತಂತಿ ಮೇಲೆ ಬೆರಳೇ ಇಡ್ತಿರ್ಲಿಲ್ಲ, ಉಗುರನ್ನ ಪಕ್ಕದಿಂದ ತಾಗ್ಸೋರು,” ಎಂದು ಗಾಳಿಯಲ್ಲೇ ಮಾಡಿ ತೋರಿಸಿದರು. ಸೋಫಿಯಾಳ ಮುಖ ಅರಳಿತು. ಸಮಾಧಿ ಎಲ್ಲಿದೆ ಎಂದು ಕೇಳಿಸಿದಳು.

“ಸಮಾಧೀನಾ? ಸುಟ್ವಲ್ಲ ಮೇಷ್ಟ್ರೇ! ಯಾರೂ ಬರ್ಲಿಲ್ಲ. ಮಳೇಲಿ ಹೆಣ ಇಕ್ಕೊಂಡು ಎಷ್ಟು ಕಾಯೋದು? ನಮ್ಮ ಯಜಮಾನ್ರೇ ಕೊಳ್ಳಿ ಇಟ್ರು. ಬೂದಿನ ಬೇಲೂರಲ್ಲಿ ಯಗಚಿ ಹೊಳೆಗೆ ಬಿಟ್ವಿ.”

ಅವಳ ಧರ್ಮದಲ್ಲಿ ಹೆಣ ಸುಡುವುದಿಲ್ಲ. ತಡವರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದೆ. “ಲೀರಾ?” ಎಂದಳು.

ಆ ಪದ ಪದ್ಮಾವತಮ್ಮನಿಗೇ ಗೊತ್ತಿತ್ತು. “ಅವ್ರ ಜೀವಾನೇ ಅದ್ರಲ್ಲಿತ್ತು. ಎದೆ ಮೇಲಿಟ್ಟು ಜೊತೇಲೇ ಕಳಿಸಿದ್ವಿ.” ನಾನು ಅದನ್ನು ಹೇಳಿದಾಗ ಸೋಫಿಯಾ ಬಿಳಿಚಿಕೊಂಡದ್ದು ಕಂಡು ಮುದುಕಿಗೆ ಗಾಬರಿಯಾಯಿತು. “ತಪ್ಪಾಯ್ತಾ ಮೇಷ್ಟ್ರೇ?”

“ಇಲ್ಲ ಎನ್ನಿ,” ಎಂದಳು ಸೋಫಿಯಾ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಗೋಡೆ ಹಿಡಿದುಕೊಂಡು ವಾಂತಿ ಮಾಡಿಕೊಂಡಳು.

ಹೊರಡುವಾಗ ಕೊನೆಗೆ ಅವನು ಏನು ನುಡಿಸಿದ, ಕುಣಿತದ್ದೋ ಶೋಕದ್ದೋ ಎಂದು ಕೇಳಿದಳು. “ಜ್ವರ ಏರಿದ್ಮೇಲೆ ಗೆಜ್ಜೆ ಬಿಚ್ಚಿಟ್ಬಿಟ್ರು. ಒಂದೇ ಸಮ ಉದ್ದಕ್ಕೆ ಎಳೀತಿದ್ರು. ಕೇಳಕ್ಕಾಗ್ತಿರ್ಲಿಲ್ಲ,” ಎಂದರು ಪದ್ಮಾವತಮ್ಮ.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ಗುಡಿಯ ಕಡೆ ನಾವು ಹೋಗಲಿಲ್ಲ. ಯಗಚಿ ಕೆಂಪಗೆ ತುಂಬಿ ಹರಿಯುತ್ತಿತ್ತು. ದಡದ ಒಂದು ಹೊಂಗೆ ಮರದಡಿ ಸೋಫಿಯಾ ಕೈಯಿಂದಲೇ ಒದ್ದೆ ಮಣ್ಣು ಗುಡ್ಡೆ ಮಾಡಿ, ಸುತ್ತ ಕಲ್ಲಿಟ್ಟು, ಎರಡು ಕಡ್ಡಿಗಳನ್ನು ಶಿಲುಬೆಯಾಗಿ ಕಟ್ಟಿ ನೆಟ್ಟಳು. ಕ್ಯಾಮೆರಾ ನನ್ನ ಕೈಗಿಟ್ಟಳು.

“ಅಮ್ಮನಿಗೆ ಎಂಬತ್ತು ದಾಟಿದೆ. ಮಗ ಮಣ್ಣಿನಲ್ಲಿದ್ದಾನೆ ಎಂದು ನಂಬಲಿ. ಹಿಂದಿನ ನದಿ ಕಾಣದ ಹಾಗೆ ತೆಗೆಯಿರಿ.”

ನಾನು ಕುಕ್ಕರಗಾಲಿನಲ್ಲಿ ಕೂತು, ನೀರು ಚೌಕಟ್ಟಿನಿಂದ ಹೊರಗುಳಿಯುವಂತೆ ಬಗ್ಗಿ ಚಿತ್ರ ತೆಗೆದೆ. ಅವಳು ಇನ್ನೊಂದು ತೆಗೆಯಿರಿ ಎಂದಳು, ಅದನ್ನೂ ತೆಗೆದೆ. ಆಮೇಲೆ ಅವಳು ಶಿಲುಬೆ ಕಿತ್ತು ನೀರಿಗೆ ಬಿಟ್ಟಳು, ಕಾಲಿನಿಂದ ಮಣ್ಣು ಸರಿಸಿ ನೆಲ ಸಮ ಮಾಡಿದಳು. ಅರಸೀಕೆರೆ ಬಸ್ಸು ಸೇತುವೆ ದಾಟುವಾಗ ನಾನು ಹಿಂದಿರುಗಿ ನೋಡಿದೆ. ಅವಳು ನೋಡಲಿಲ್ಲ.