ಲೈಟ್ ಹೋದ್ಲು

ಪಕ್ಕದ ಮನೆಯ ಕಾಶಿಕಾಕು ಅವರ ಬಾಯಲ್ಲಿ ಲೈಟು ಹೆಂಗಸಾಗಿತ್ತು. ‘ಲೈಟ್ ಹೋತು’ ಎಂದು ಅವರು ಒಮ್ಮೆಯೂ ಅಂದವರಲ್ಲ. ‘ಲೈಟ್ ಹೋದ್ಲು’, ‘ಇನ್ನೂ ಬಂದಿಲ್ಲ ನೋಡ ಆಕಿ’, ‘ಬಂದ್ಲವಾ, ಬಂದ್ಲು’ ಎಂದೇ ಅವರ ಮಾತು. ಇಂಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದವರು, ಇಲ್ಲೇ ತಲೆ ನೆರೆತಿತ್ತು. ಮನೆಯೊಳಗಿನ ಅವರ ಕನ್ನಡ ಇಷ್ಟು ವರ್ಷವೂ ಅಲುಗಾಡದೆ ಉಳಿದಿತ್ತು. ಆದರೆ ಮರಾಠಿಯಲ್ಲಿ ಲೈಟು ಸ್ತ್ರೀಲಿಂಗ. ಇಲ್ಲಿ ಓಣಿಗೆ ಓಣಿಯೇ ಅವಳು ಹೋದಳು, ಅವಳು ಬಂದಳು ಎಂದು ಹೇಳುತ್ತದೆ. ಆ ಒಬ್ಬ ಹೆಂಗಸು ಮಾತ್ರ ಹೊಸ್ತಿಲು ದಾಟಿ ಕಾಕು ಅವರ ಕನ್ನಡದೊಳಗೆ ಬಂದು ಕೂತುಬಿಟ್ಟಿದ್ದಳು.

ಅದು ನನಗೆ ಗೊತ್ತಾದ ರೀತಿಯೇ ತಮಾಷೆಯದು. ಶಿವಾಜಿನಗರದ ಹಿಂದಿನ ಗಲ್ಲಿಯ ಆ ಹಳೆಯ ಕಟ್ಟಡದ ಮೂರನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ಹೊಸತು. ಗಂಟುಮೂಟೆ ಇನ್ನೂ ಬಿಚ್ಚಿರಲಿಲ್ಲ. ಸಂಜೆಯಾಗಿತ್ತು. ಫ್ಯಾನು ನಿಂತದ್ದೇ ತಡ, ಪಕ್ಕದ ಮನೆಯಿಂದ ಅಚ್ಚ ಕನ್ನಡದಲ್ಲಿ ‘ಹೋದ್ಲು, ಹೋದ್ಲು’ ಎಂಬ ದನಿ ಕೇಳಿಸಿತು. ಯಾರೋ ವಯಸ್ಸಾದವರು ತೀರಿಕೊಂಡರೆಂದು ತಿಳಿದು, ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿದೆ. ಒಳಗೆ ಮಂಚದ ಮೇಲೆ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡ ಸಣಕಲು ಮುದುಕರೊಬ್ಬರು ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕುಳ್ಳಗಿನ ಹೆಂಗಸೊಬ್ಬರು ಕಬ್ಬಿಣದ ಸಿಲಿಂಡರಿನ ತಲೆಗೆ ಪಾನಾ ಹಾಕಿ ತಿರುಗಿಸುತ್ತಿದ್ದರು. ನಾನು ಯಾರು, ಎತ್ತ ಎಂದು ಒಂದನ್ನೂ ಕೇಳದೆ, ‘ಬಂದೀದಿ ಅಂದ್ರ ಈ ಟಾರ್ಚ್ ಹಿಡಿಯವಾ’ ಎಂದರು. ಹಿಡಿದೆ. ಸಿಲಿಂಡರು ಸುಯ್ ಎಂದು ಸದ್ದು ಮಾಡಿದ ಮೇಲೆ, ಹೋದವರು ಯಾರ್ರಿ ಎಂದು ಮೆಲ್ಲಗೆ ಕೇಳಿದೆ. ‘ಲೈಟ್’ ಎಂದರು. ಮಂಚದ ಮೇಲಿದ್ದವರು ಸದ್ದಿಲ್ಲದೆ ಭುಜ ಕುಣಿಸಿ ನಕ್ಕರು.

ಹಾಗೆ ನಕ್ಕವರು ಅವರ ಗಂಡ ಮಲ್ಲಪ್ಪಕಾಕಾ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು, ಅಲ್ಲಿನ ಮರಳಿನ ಧೂಳನ್ನು ಎದೆಯಲ್ಲಿ ತುಂಬಿಕೊಂಡು ಮನೆಗೆ ಬಂದವರು. ಹಗಲು ರಾತ್ರಿ ಅವರಿಗೆ ಆಕ್ಸಿಜನ್ ಮಷಿನ್ ಬೇಕಿತ್ತು. ಗೋದ್ರೇಜ್ ಕಪಾಟಿನ ಮಗ್ಗುಲಲ್ಲಿ ಅದು ಗುಂಯ್ ಎನ್ನುತ್ತ ಕೂತಿರುತ್ತಿತ್ತು. ಲೈಟ್ ಹೋದರೆ ನಮ್ಮ ಮನೆಯಲ್ಲಿ ಟಿವಿ ನಿಲ್ಲುತ್ತದೆ, ಫ್ಯಾನು ನಿಲ್ಲುತ್ತದೆ, ಒಂದಷ್ಟು ಬೈದು ಸುಮ್ಮನಾಗುತ್ತೇವೆ. ಆ ಮನೆಯಲ್ಲಿ ಕಾಕಾ ಅವರ ಉಸಿರಿಗೇ ಸಂಚಕಾರ. ಮಕ್ಕಳಿರಲಿಲ್ಲ. ಕಾಕು ಒಬ್ಬರೇ.

ನಾನು ಬ್ಲೌಸ್ ಹೊಲಿಯುವವಳು. ಕೋರ್ಟು, ಕಚೇರಿಗಳಿಗೆ ಹೋಗುವ ಹೆಂಗಸರು ನನ್ನ ಗಿರಾಕಿಗಳು, ಮೋಟರ್ ಹಾಕಿಸಿದ ಹೊಲಿಗೆ ಯಂತ್ರ ನನ್ನ ಅನ್ನ. ಆ ಯಂತ್ರ ಇಟ್ಟಿದ್ದ ಗೋಡೆಯ ಆಚೆಗೇ ಕಾಕಾ ಅವರ ಮಂಚ. ಕಾಕು ಅದನ್ನು ಬಂದು ನೋಡಿಕೊಂಡು ಹೋದವರೇ ನನಗೊಂದು ಕೆಲಸ ಹಚ್ಚಿದರು. ಅವರು ತರಕಾರಿಗೆ ಹೋಗಿದ್ದಾಗ, ಕೆಳಗೆ ನಳದ ಹತ್ತಿರ ಇದ್ದಾಗ ಆ ಗುಂಯ್ ಸದ್ದು ನಿಂತರೆ ನಾನು ಓಡಬೇಕು. ಸಿಲಿಂಡರ್ ತೆರೆಯುವುದನ್ನು ನನಗೆ ಕಣ್ಣು ಮುಚ್ಚಿಸಿ ಕಲಿಸಿದರು. ‘ನೀ ಏನೂ ಮಾಡಬ್ಯಾಡ. ನಿನ್ನ ಕೆಲಸಾನೇ ಮಾಡಕೋತ ಕುಂಡ್ರು. ಕಿವಿ ಒಂದು ನನಗ ಕೊಟ್ಟಿರು’ ಎಂದರು. ಕೊಟ್ಟೆ. ಒಂದು ಕಿವಿ ಗಿರಾಕಿಗಳಿಗೆ, ಒಂದು ಕಿವಿ ಗೋಡೆಗೆ. ರೇಡಿಯೋ ಹಚ್ಚುವ ರೂಢಿಯನ್ನೂ ಬಿಟ್ಟೆ. ಇದರಲ್ಲಿ ದೊಡ್ಡ ಉಪಕಾರವೇನಿಲ್ಲ, ಬರೇ ಬೇಸರದ ಕೆಲಸ. ಕಾಕು ಅವರಿಗೆ ಆ ಬೇಸರ ಎರಡೂ ಕಿವಿಗಿತ್ತು.

ಪುಣೆಯಲ್ಲಿ ಗುರುವಾರವೆಂದರೆ ರಿಪೇರಿಯ ವಾರ. ನಳದಲ್ಲಿ ನೀರಿರುವುದಿಲ್ಲ, ತಂತಿಯಲ್ಲಿ ಲೈಟಿರುವುದಿಲ್ಲ. ಆದ್ದರಿಂದ ಕಾಕು ಅವರ ಬುಧವಾರ ಹಬ್ಬದ ಹಿಂದಿನ ದಿನದಂತೆ ಗಡಿಬಿಡಿಯದು, ಆದರೆ ಹಬ್ಬ ಮಾತ್ರ ಬರುತ್ತಿರಲಿಲ್ಲ. ಪಂಪು ಓಡದಿದ್ದರೆ ಮೇಲಿನ ಟಾಂಕಿಗೆ ನೀರು ಏರುವುದಿಲ್ಲವೆಂದು ಕೊಡ, ಬಕೆಟ್ಟು, ಕುಕ್ಕರಿನ ತನಕ ಎಲ್ಲವನ್ನೂ ತುಂಬಿಡುವರು. ಇನ್ವರ್ಟರ್ ಬಂದ ಮೇಲೆ ಕೆಲಸ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅದರ ಬ್ಯಾಟರಿಗೆ ನೀರು ಹಾಕುವುದು, ಅದರ ಮುಖ ನೋಡುವುದು ಹೊಸ ಕೆಲಸಗಳಾದವು. ಇನ್ವರ್ಟರಿನ ಶಕ್ತಿ ಸೋರಬಾರದೆಂದು ಟಿವಿಯ ಪ್ಲಗ್ಗಿಗೆ, ಫ್ಯಾನಿನ ಸ್ವಿಚ್ಚಿಗೆ ಪಟ್ಟಿ ಅಂಟಿಸಿದರು. ಲೈಟ್ ಹೋದಾಗಲೆಲ್ಲ ಬೇಸಿಗೆಯ ಆ ಕೋಣೆಯಲ್ಲಿ ಕಾಕು ಬೆವರುತ್ತ ಕೂತು, ರಟ್ಟಿನ ತುಂಡಿನಿಂದ ಕಾಕಾ ಅವರಿಗೆ ಗಾಳಿ ಹಾಕುವರು. ತಮ್ಮ ಕಡೆಗೆ ಆ ರಟ್ಟು ತಿರುಗಿದ್ದನ್ನು ನಾನು ನೋಡಲಿಲ್ಲ. ಯಾತ್ರೆಯ ಪಾಲಖಿ ಮೆರವಣಿಗೆ ಬರುವ ದಿನಗಳಲ್ಲಿ ಅದು ಊರು ಬಿಟ್ಟು ಸಾಸವಡದ ಹಾದಿ ಹಿಡಿಯುವ ತನಕ ರಸ್ತೆ ಬಂದ್ ಎಂದು, ಜನ ಹೂವು ತರುವ ಹೊತ್ತಿಗೆ ಇವರು ಇನ್ನೊಂದು ಸಿಲಿಂಡರ್ ತರಿಸಿ ಇಡುತ್ತಿದ್ದರು.

ಎಲ್ಲರ ಮನೆಯಲ್ಲಿ ಲೈಟ್ ಹೋದರೆ ಮೇಣದಬತ್ತಿ ಹಚ್ಚುತ್ತಾರೆ. ಇಲ್ಲಿ ಅದೂ ಇಲ್ಲ. ಆಕ್ಸಿಜನ್ ಇರುವಲ್ಲಿ ಬೆಂಕಿ ಕೂಡದು ಎಂದು ಡಾಕ್ಟರು ಹೇಳಿದ ದಿನ, ದೇವರ ದೀಪವನ್ನು ಕಾಕು ಹೊರಗೆ ಮೆಟ್ಟಿಲ ಪಕ್ಕದ ಗೂಡಿಗೆ ಕಳಿಸಿಬಿಟ್ಟಿದ್ದರು. ದೇವರು ಒಳಗೆ, ದೀಪ ಹೊರಗೆ. ದೀಪಾವಳಿಗೂ ಅಷ್ಟೇ. ಇದಕ್ಕೆ ದೇವರು ಸಿಟ್ಟಾಗುವುದಿಲ್ಲವೇನ್ರಿ ಎಂದು ನಾನು ಚೇಷ್ಟೆ ಮಾಡಿದ್ದಕ್ಕೆ, ದೇವರಿಗೆ ಕತ್ತಲಲ್ಲಿ ಕಣ್ಣು ಕಾಣಿಸುತ್ತದೆ, ತಮಗೇ ಕಾಣಿಸುವುದಿಲ್ಲ ಎಂದಿದ್ದರು.

ಲೈಟಿನ ವಿಷಯಕ್ಕೂ ಅವರೊಡನೆ ವಾದ ಮಾಡಿದ್ದೆ. ಕನ್ನಡದಲ್ಲಿ ಲೈಟು ಹೆಂಗಸಲ್ಲ ಕಾಕು, ಅದು ‘ಅದು’ ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ‘ನೀರ ಏರಸಾಕಿ ಆಕಿ, ಹಿಟ್ಟ ಬೀಸಾಕಿ ಆಕಿ, ನಿಮ್ಮ ಕಾಕಾನ ಉಸರ ಹಿಡದಾಕಿ ಆಕಿ. ಮನಿ ನಡಸಾಕಿ ಗಂಡಸ ಹೆಂಗ ಆಗ್ತಾಳ?’ ಎಂದರು. ಗಂಡಸೆಂದು ನಾನೆಲ್ಲಿ ಅಂದಿದ್ದೆ?

ಒಂದು ಮಳೆಗಾಲದಲ್ಲಿ ಅವರ ತಯಾರಿಗೆಲ್ಲ ಪರೀಕ್ಷೆ ಬಂತು. ರಾತ್ರಿಯಿಡೀ ಸುರಿದು ಎಲ್ಲೋ ಮರ ಬಿತ್ತು, ಎಲ್ಲೋ ಕೇಬಲ್ಲಿನೊಳಗೆ ನೀರು ಹೊಕ್ಕಿತು. ಬೆಳಿಗ್ಗೆ ಹೋದ ಲೈಟ್ ಮಧ್ಯಾಹ್ನವಾದರೂ ಇಲ್ಲ. ಇನ್ವರ್ಟರ್ ಕುಂಯ್‌ಗುಟ್ಟಿ ಸುಮ್ಮನಾಯಿತು. ಸಿಲಿಂಡರ್ ತೆರೆದರು. ಸಂಜೆಗೆ ಅದರ ಮೀಟರಿನ ಮುಳ್ಳು ಕೆಂಪು ಗುರುತಿನ ಹತ್ತಿರ ಬಂದಿತ್ತು. ಇನ್ನೊಂದು ಸಿಲಿಂಡರ್ ತರುತ್ತಿದ್ದ ಟೆಂಪೋ ದೊಡ್ಡ ರಸ್ತೆಯ ನೀರಿನಲ್ಲಿ ನಿಂತಿತ್ತು. ಆಂಬುಲೆನ್ಸಿಗೂ ಅದೇ ರಸ್ತೆ, ಅದೇ ನೀರು. ಮಾತಾಡಿದರೆ ಉಸಿರು ಖರ್ಚಾಗುತ್ತದೆಂದು ಕಾಕಾ ಅವರಿಗೆ ಮಾತು ಬಂದ್ ಮಾಡಿಸಿದ್ದರು. ಹುಟ್ಟಾ ಮಾತುಗಾರ ಮನುಷ್ಯ, ಕೈಸನ್ನೆ ಮಾಡಿ ಚಹಾ ಕೇಳಿದರು. ಅರ್ಧ ಕಪ್ಪು ಸಿಕ್ಕಿತು. ಅದಕ್ಕೆ ಸಕ್ಕರೆ ಕಡಿಮೆಯಾಗಿದೆಯೆಂದು ಮತ್ತೆ ಕೈಸನ್ನೆ. ನನ್ನ ಕಣ್ಣು ಆ ಮುಳ್ಳಿನ ಮೇಲಿತ್ತು, ಈ ಮನುಷ್ಯನಿಗೆ ಸಕ್ಕರೆಯ ಚಿಂತೆ.

ಕೊನೆಗೆ ನನ್ನ ಗಂಡ ಮತ್ತು ಕೆಳಗಿನ ಮನೆಯ ಮರಾಠಿ ಗೃಹಸ್ಥರು ಮೊಣಕಾಲು ನೀರಿನಲ್ಲಿ ನಡೆದು ಹೋಗಿ ಟೆಂಪೋದಿಂದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದರು. ಮೂರು ಮಹಡಿ ಏರಿಸಿ ಇಳಿಸುವಾಗ ಮುಳ್ಳು ಕೆಂಪಿನೊಳಗೆ ಹೋಗಿತ್ತು. ಕಾಕು ಪಾನಾ ಹಾಕಿ ನಳಿಕೆಯನ್ನು ಹೊಸ ಸಿಲಿಂಡರಿಗೆ ಬದಲಿಸಿದರು. ನಾನು ಟಾರ್ಚ್ ಹಿಡಿದೆ.

ಮರುದಿನ ಮಧ್ಯಾಹ್ನ ಲೈಟ್ ಬಂತು. ಕಟ್ಟಡದ ತುಂಬ ‘ಆಲೀ, ಆಲೀ’, ಬಂದಳು ಬಂದಳು ಎಂದು ಮರಾಠಿಯ ಸಂಭ್ರಮ. ಕಾಕು ಮಷಿನ್ ಹಚ್ಚಿದರು, ಸಿಲಿಂಡರ್ ಮುಚ್ಚಿದರು, ಖಾಲಿಯಾದದ್ದನ್ನು ಒಯ್ಯಲು ಫೋನ್ ಮಾಡಿದರು, ಟಾರ್ಚು ಚಾರ್ಜಿಗೆ ಇಟ್ಟು ಬಕೆಟ್ ಹಿಡಿದು ಕೆಳಗೆ ಹೊರಟರು. ಒಂದು ಗಳಿಗೆ ಕೂತುಕೊಳ್ಳಿರಿ ಎಂದು ನಾನು ಬೈದೇಬಿಟ್ಟೆ. ‘ಬಂದ್ಲು ಅಂತ ನಂಬಿ ಕುಂಡ್ರಬಾರದವಾ. ಬಂದಾಕಿ ಹೋಗಾಕೇ ಬಂದಿರ್ತಾಳ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ ಮೆಟ್ಟಿಲ ತಿರುವಿನಲ್ಲಿ ತುಂಬಿದ ಬಕೆಟ್ಟನ್ನು ಕೆಳಗಿಡದೆಯೇ ಗೋಡೆಗೆ ಆನಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಏನಾತ್ರಿ ಎಂದರೆ, ಏನಿಲ್ಲ, ಸುಮ್ಮನೆ ನಿಂತೀನಿ ಎಂದರು. ಬಕೆಟ್ ನಾನು ಹೊತ್ತೆ.

ದಣಿವಿನ ಮಾತನ್ನು ಅವರು ಆಡುತ್ತಿರಲಿಲ್ಲ. ತವರಿನ ಮಾತನ್ನೂ ಅಷ್ಟೇ. ಅವ್ವ ತೀರಿಕೊಂಡಾಗಲೂ ಇಂಡಿಗೆ ಹೋಗಲಿಲ್ಲ. ಆ ವಾರ ಲೈಟಿನ ಭರವಸೆ ಇರಲಿಲ್ಲ. ಸುದ್ದಿ ಬಂದ ದಿನವೂ ಬ್ಯಾಟರಿಗೆ ನೀರು ಹಾಕಿ ಆಮೇಲೆ ಮೂಲೆಯಲ್ಲಿ ಕೂತು ಅತ್ತರು. ಅವರು ಪೇಟೆಗೆ ಹೋಗಿದ್ದಾಗ ಕಾಕಾ ಒಮ್ಮೆ ನನ್ನೊಡನೆ ಹೇಳಿದ್ದರು, ಒಂದೊಂದೇ ಶಬ್ದಕ್ಕೆ ಉಸಿರು ಕೂಡಿಸಿಕೊಂಡು: ‘ನಲಿನೀ, ಇಕಿ ಚೊಲೋತ್ನಾಗ ಮಕ್ಕೊಂಡಿದ್ದು ನಾ ನೋಡೇ ಇಲ್ಲವಾ. ನಾ ಎಚ್ಚರಾದಾಗೆಲ್ಲಾ ಎದ್ದ ಕುಂತಿರ್ತಾಳ.’ ನಾನು ಅವರ ಹೊದಿಕೆ ಸರಿಮಾಡಿದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ. ಗುರುವಾರವಲ್ಲ, ಮಳೆಯಲ್ಲ, ಏನೂ ಅಲ್ಲ. ನಾನು ಬ್ಲೌಸಿನ ತೋಳು ಹೊಲಿಯುತ್ತಿದ್ದೆ. ಗೋಡೆಯ ಆಚೆಗಿನ ಗುಂಯ್ ಸದ್ದು ನಿಂತಿತು. ಎದ್ದೆ. ಏಳುವಾಗ ನೋಡುತ್ತೇನೆ, ನನ್ನ ಯಂತ್ರದ ಮೋಟರ್ ಇನ್ನೂ ಓಡುತ್ತಿತ್ತು, ಸೂಜಿ ಬಟ್ಟೆಯ ಮೇಲೆ ಮುಂದೆ ಹೋಗುತ್ತಿತ್ತು. ಪೆಡಲ್ಲಿನಿಂದ ಕಾಲು ತೆಗೆಯುವುದನ್ನೇ ಮರೆತಿದ್ದೆ. ಲೈಟ್ ಇದೆ, ಆದರೆ ಸದ್ದಿಲ್ಲ. ನಾನು ಓಡಿದ ಅಷ್ಟೂ ಸಲದಲ್ಲಿ ಹೀಗೆ ಎಂದೂ ಆಗಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಟ್ಯೂಬ್‌ಲೈಟು ಉರಿಯುತ್ತಿತ್ತು. ಕಾಕು ಮಷಿನ್ನಿನ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ನಾನು ಅಭ್ಯಾಸದಂತೆ ಸಿಲಿಂಡರಿನ ಕಡೆ ಹೋದೆ. ಅವರು ತಡೆದರು.

‘ನಾನೇ ಬಂದ್ ಮಾಡೀನಿ’ ಎಂದರು. ‘ಲೈಟ್ ಅದಾಳ. ಅವ್ರಿಲ್ಲ.’

ಜನ ಸೇರಿದರು. ತಲೆಯ ಕಡೆ ದೀಪ ಇಡಬೇಕೆಂದು ಕೆಳಗಿನ ಮನೆಯ ಅಜ್ಜಿ ಹೇಳಿದಾಗ ಕಾಕು ಬೆಂಕಿಪೆಟ್ಟಿಗೆ ತಂದರು. ಕಡ್ಡಿ ಗೀರುವ ಮೊದಲು ಎದ್ದು ಹೋಗಿ ಎರಡೂ ಸಿಲಿಂಡರಿನ ತಲೆ ಬಿಗಿಯಾಗಿ ಮುಚ್ಚಿದೆಯೇ ನೋಡಿದರು, ಕಿಟಕಿ ತೆರೆದರು. ಆಮೇಲೆ ಹಚ್ಚಿದರು. ಇಷ್ಟು ವರ್ಷಗಳಲ್ಲಿ ಆ ಕೋಣೆಯೊಳಗೆ ಹತ್ತಿದ ಮೊದಲ ದೀಪ ಅದು. ನನಗೆ ಅಳು ಬಂದದ್ದು ಆಗ.

ಮಷಿನ್, ಸಿಲಿಂಡರುಗಳೆಲ್ಲ ಹೋದವು. ಮೂಲೆಯಲ್ಲಿ ಅವುಗಳ ದುಂಡನೆಯ ತುಕ್ಕಿನ ಗುರುತು ಉಳಿಯಿತು. ಆಮೇಲೆಯೂ ಲೈಟ್ ಹೋದಾಗಲೆಲ್ಲ ಕಾಕು ತಟ್ಟನೆ ಏಳುತ್ತಿದ್ದರು, ಮೂಲೆಯ ಕಡೆ ಅರ್ಧ ನಡೆದು ನಿಲ್ಲುತ್ತಿದ್ದರು. ಬುಧವಾರ ಕೊಡಗಳೂ ತುಂಬುತ್ತಿದ್ದವು. ಗೋಡೆಗೆ ಕೊಟ್ಟಿದ್ದ ಕಿವಿಯನ್ನು ನಾನೂ ಹಿಂದಕ್ಕೆ ತೆಗೆದುಕೊಳ್ಳಲಾರದೆ ಇದ್ದೆ. ಸದ್ದಿಲ್ಲದ ಗೋಡೆಯ ಪಕ್ಕದಲ್ಲಿ ಹೊಲಿಯುವುದು ಕಷ್ಟ.

ಬೇಸಿಗೆಗೆ ಮುಂಚೆ ಇಂಡಿಯ ತಂಗಿ ಬಂದು ತಮ್ಮಲ್ಲಿಗೆ ಬಾ ಎಂದು ಕರೆದು ಹೋದಳು. ಕಾಕು ಒಪ್ಪಿಕೊಂಡರು. ಸೋಲಾಪುರದ ಹಾದಿಯ ಬೆಳಗಿನ ಬಸ್ಸಿಗೆ ಹೊರಡುವುದೆಂದಾಯಿತು. ಇಂದಾಪುರದಲ್ಲಿ ಇನ್ನೂ ಆ ಚಹಾದ ಅಂಗಡಿ ಇದೆಯೋ ಏನೋ ಎಂದು ಸಣ್ಣ ಹುಡುಗಿಯಂತೆ ಕೇಳಿದರು. ಹೊರಡುವ ಹಿಂದಿನ ಸಂಜೆ ಅವರನ್ನು ನಮ್ಮಲ್ಲಿ ಊಟಕ್ಕೆ ಕರೆದಿದ್ದೆ. ಹೊಲಿಗೆ ಯಂತ್ರದ ಪಕ್ಕ ಅದೇ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ನಾನು ಒಲೆಯ ಮುಂದಿದ್ದೆ, ಅವರ ಹಳ್ಳಿಯಲ್ಲಿ ಲೈಟ್ ಹೇಗೆ ಎಂದು ಕೇಳುತ್ತಿದ್ದೆ. ಅಲ್ಲಿ ಬಂದರೇ ಸುದ್ದಿಯಂತೆ ಎಂದು ನಕ್ಕರು. ಅಷ್ಟರಲ್ಲಿ ಇಲ್ಲೇ ಹೋಯಿತು.

ನಾನು ಅವರ ಕಡೆ ನೋಡಿದೆ. ಒಲೆಯ ಬೆಳಕಿನಲ್ಲಿ ಅವರ ಕೈ ಏಳಲೆಂದು ನೆಲಕ್ಕೆ ಊರಿದ್ದು ಕಂಡಿತು. ಒಂದು ಕ್ಷಣ ಹಾಗೇ ಇದ್ದು, ಆ ಕೈಯನ್ನು ಹಿಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡರು.

‘ಹೋಗ್ಲಿ ಬಿಡವಾ’ ಎಂದರು. ‘ಆಕೀಗೂ ದಣಿವಾಗಿರ್ತದ.’

ಒಲೆ ಆರಿಸಿ, ಮೇಣದಬತ್ತಿ ಹುಡುಕಲೇ ಎಂದೆ. ಬೇಡ, ಹೀಗೇ ಇರಲಿ ಎಂದರು. ನಾನೂ ಬಂದು ಪಕ್ಕದಲ್ಲಿ ಕೂತೆ. ಬಸ್ಸಿಗೆ ರೊಟ್ಟಿ ಕಟ್ಟಿಕೊಡುವ ಮಾತಾಡಿದೆ, ಶೇಂಗಾ ಚಟ್ನಿ ಸಾಕೋ ಎಂದು ಕೇಳಿದೆ. ಕಿಟಕಿಯ ಮಬ್ಬು ಬೆಳಕಿನಲ್ಲಿ ತಿರುಗಿ ನೋಡಿದರೆ ಗೋಡೆಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ದೀರ್ಘವಾದ, ಮೆಲ್ಲಗಿನ ಗೊರಕೆ. ಕಾಕಾ ಇದನ್ನು ನೋಡಬೇಕಿತ್ತು ಅನ್ನಿಸಿತು. ಅನ್ನ ಆರಿತು. ನನ್ನ ಗಂಡ ಕೆಲಸದಿಂದ ಬಂದವರು ಬಾಗಿಲಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತರು.

ಎಷ್ಟೋ ಹೊತ್ತಿನ ಮೇಲೆ ಲೈಟ್ ಬಂದಳು. ಕೆಳಗಿನ ಮನೆಗಳಲ್ಲಿ ‘ಆಲೀ, ಆಲೀ’ ಎಂದು ಕೂಗಿದರು. ಕಾಕು ಅವರಿಗೆ ಎಚ್ಚರವಾಗಬಾರದೆಂದು ನಾನು ಮೆಲ್ಲಗೆ ಎದ್ದು ಹೋಗಿ ಸ್ವಿಚ್ ಆರಿಸಿದೆ.